ಮೂರನೇ ಶಿಫ್ಟಿನ ವಾರ

ಮತ್ತಿಕೆರೆಯ ಶಾಪಿಂಗ್ ಕಾಂಪ್ಲೆಕ್ಸಿಗೆ ಎರಡನೇ ಬ್ಲಾಕ್ ಕಟ್ಟಬೇಕೆಂದು ಗೃಹ ನಿರ್ಮಾಣ ಸಂಘ ತೀರ್ಮಾನಿಸಿದ್ದು 1984ರ ಜನವರಿಯಲ್ಲಿ. ಮೊದಲ ಬ್ಲಾಕಿನಲ್ಲಿ ಹನ್ನೆರಡು ಅಂಗಡಿಗಳಿದ್ದವು, ಎರಡನೆಯದರಲ್ಲಿ ಇಪ್ಪತ್ತೆರಡು ಬರಬೇಕಿತ್ತು. ಅದಕ್ಕೆ ಬೇಕಾದ ಮೂಲೆಯಲ್ಲಿ ಮುನಿಶಾಮಪ್ಪನವರ ಹಿಟ್ಟಿನ ಮಿಲ್ಲು ಇತ್ತು. ಹದಿನೆಂಟಡಿ ಉದ್ದ, ಹನ್ನೆರಡಡಿ ಅಗಲ, ಮೇಲೆ ಕಲ್ನಾರಿನ ಶೀಟು. ಒಳಗೆ ಹತ್ತು ಎಚ್.ಪಿ. ಮೋಟಾರು, ರಾಗಿ-ಜೋಳಕ್ಕೆ ಒಂದು ಕಲ್ಲು, ಖಾರದ ಪುಡಿಗೆ ಒಂದು ಸಣ್ಣ ಮಿಷನ್ನು.

ಆ ಜಾಗ ಹಿಂದೆ ಮುನಿಶಾಮಪ್ಪನವರ ರಾಗಿ ಹೊಲ. 1972ರಲ್ಲಿ ಅದನ್ನು ಸಂಘಕ್ಕೆ ಬರೆದುಕೊಟ್ಟಾಗ, ಜಾಗ ಬೇಕಾಗುವ ತನಕ ಮಿಲ್ಲು ಅಲ್ಲೇ ಇರಲಿ ಎಂದು ಬಾಯಿಮಾತಿನಲ್ಲಿ ಒಪ್ಪಂದವಾಗಿತ್ತು. ಈಗ ಜಾಗ ಬೇಕಾಯಿತು. ಸಂಘದ ಕಾರ್ಯದರ್ಶಿ ಚನ್ನಕೇಶವ ಮನೆಗೇ ಬಂದು, ಕಾಫಿ ಕುಡಿದು, ಸಂಕೋಚದಿಂದಲೇ ವಿಷಯ ಹೇಳಿದರು. ಹೊಸ ಬ್ಲಾಕಿನಲ್ಲಿ ಹದಿನೇಳನೇ ನಂಬರಿನ ಅಂಗಡಿ ಮುನಿಶಾಮಪ್ಪನವರಿಗೇ ಮೀಸಲು. ಆದರೆ ಅಲ್ಲಿ ಮಿಲ್ಲು ಇಡುವಂತಿಲ್ಲ. ಪಕ್ಕದ ಅಂಗಡಿಗೆ ಡಾಕ್ಟರು ಬರುತ್ತಾರೆ, ಗೋಡೆ ಅದುರಬಾರದು. ಮುನಿಶಾಮಪ್ಪ ವಾದ ಮಾಡಲಿಲ್ಲ. ಮಾತು ಕೊಟ್ಟಿದ್ದಾಗಿದೆ ಎಂದರು. ಆಗ ಅವರಿಗೆ ಅರವತ್ತೆರಡು ವರ್ಷ. ಇನ್ನು ಹಿಟ್ಟಿನ ದೂಳು ಸಾಕು, ಮನೆಯಲ್ಲಿ ಕೂತುಕೊಳ್ಳಲಿ ಎಂದು ಅವರ ಹೆಂಡತಿ ಗೌರಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಮೇ 31ರಂದು ಮಿಲ್ಲು ನಿಂತಿತು.

ಇದರಿಂದ ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಬಿದ್ದವಳು ಹಿಂದಿನ ಬೀದಿಯ ಶರಣವ್ವ.

ಶರಣವ್ವ ಬಾಗಲಕೋಟೆ ಕಡೆಯವಳು. ಗಂಡ ಮುರಿಗೆಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. 1977ರಲ್ಲಿ ಮತ್ತಿಕೆರೆಗೆ ಬಂದಾಗ ಅವಳ ಮಾತು ಬೀದಿಯವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಬೀದಿಯವರ ಮಾತು ಅವಳಿಗೂ ಅಷ್ಟೇ. ಎಲ್ಲರಿಗೂ ಅರ್ಥವಾದದ್ದು ಅವಳ ರೊಟ್ಟಿ. ಗಂಡನ ಜೊತೆ ಕೆಲಸ ಮಾಡುವ, ಅದೇ ಸೀಮೆಯ, ಮದುವೆಯಾಗದ ಹದಿನಾಲ್ಕು ಮಂದಿಗೆ ಅವಳು ದಿನವೂ ಬೆಳಿಗ್ಗೆ ರೊಟ್ಟಿ, ಪಲ್ಲೆ ಕಟ್ಟಿಕೊಡುತ್ತಿದ್ದಳು. ದಿನಕ್ಕೆ ಸುಮಾರು ಐವತ್ತು ರೊಟ್ಟಿ. ಊರಿಂದ ಕಾಗದ ಬಾರದಿದ್ದ ದಿನ ಅವರಲ್ಲಿ ಕೆಲವರು ಅವಳ ಜಗಲಿಯಲ್ಲೇ ಕೂತು ತಿಂದು ಹೋಗುತ್ತಿದ್ದರು. ಬೀದಿಯಲ್ಲಿ ಅವಳ ಹೆಸರು ರೊಟ್ಟಿ ಶರಣವ್ವ.

ಜೋಳದ ರೊಟ್ಟಿಗೆ ಹಿಟ್ಟು ಹೊಸದಾಗಿರಬೇಕು, ಬೇರೆ ಹಿಟ್ಟು ಬೆರೆತಿರಬಾರದು. ಇಲ್ಲದಿದ್ದರೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಅಂಚು ಸೀಳುತ್ತದೆ. ಮತ್ತಿಕೆರೆಯಲ್ಲಿ ಮಿಲ್ಲಿಗೆ ದಿನವಿಡೀ ಬರುವುದು ರಾಗಿ. ಅದರ ಹಿಂದೆ ಜೋಳ ಹಾಕಿದರೆ ಮೊದಲ ಎರಡು ಸೇರು ಕಂದಾಗಿ ಬರುತ್ತದೆ. ಬಂದ ಹೊಸದರಲ್ಲಿ ಇದನ್ನು ಶರಣವ್ವ ಹೇಳಿದಾಗ, ರಾಗಿ ಬೆರೆತರೆ ಯಾರೂ ಸತ್ತಿಲ್ಲ ಎಂದು ಮುನಿಶಾಮಪ್ಪ ನಕ್ಕಿದ್ದರು. ಅವಳು ಮಾರನೆಯ ದಿನ ಎರಡು ರೊಟ್ಟಿ ತಂದು ಅವರ ಮುಂದಿಟ್ಟಳು. ಒಂದು ಮಿಲ್ಲಿನ ಹಿಟ್ಟಿನದು, ಇನ್ನೊಂದು ಊರಿಂದ ತಂದ ಹಿಟ್ಟಿನದು. ಮುನಿಶಾಮಪ್ಪ ಎರಡನ್ನೂ ತಿಂದರು. ಮುಂದಿನ ಮಂಗಳವಾರದಿಂದ, ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶನಿವಾರ, ಕಲ್ಲು ಒರೆಸಿ ಮೊದಲು ಜೋಳ ಹಾಕುವ ಪದ್ಧತಿ ಶುರುವಾಯಿತು. ಏಳು ವರ್ಷ ಅದು ತಪ್ಪಿರಲಿಲ್ಲ.

ಜೂನ್‌ನಲ್ಲಿ ಮೂಲೆಯನ್ನು ಅಗೆದರು. ಹೊಂಗೆ ಮರದ ಕೆಳಗಿನ ತರಕಾರಿಯವರು ರಸ್ತೆಯ ಆಚೆಗೆ ಹೋದರು. ಬಸ್ ನಿಲ್ದಾಣ ಇನ್ನೂರು ಗಜ ಮುಂದೆ ಹೋಯಿತು. ಮಿಲ್ಲಿನ ಮುಂದೆ ಡಬ್ಬ ಇಟ್ಟುಕೊಂಡು ಕೂತು ಬೀದಿಯ ಸಮಾಚಾರವನ್ನೆಲ್ಲ ಹಂಚಿಕೊಳ್ಳುತ್ತಿದ್ದ ಹೆಂಗಸರು ಈಗ ಗುಂಡಿಯ ಸುತ್ತ ಹಾಕಿದ ತಗಡಿನ ಬೇಲಿಯ ಪಕ್ಕ ಒಬ್ಬೊಬ್ಬರೇ ಹಾದುಹೋಗುತ್ತಿದ್ದರು. ಜುಲೈನಿಂದ ಕಾಂಕ್ರೀಟ್ ಮಿಕ್ಸರ್ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ತಿರುಗತೊಡಗಿತು.

ಮುರಿಗೆಪ್ಪನಿಗೆ ಮೂರು ವಾರಕ್ಕೊಮ್ಮೆ ಮೂರನೇ ಶಿಫ್ಟು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಆ ವಾರ ಅವನು ಎಂಟು ಗಂಟೆಗೆ ಮಲಗಿ ಮಧ್ಯಾಹ್ನ ಎರಡಕ್ಕೆ ಏಳುವವನು. ಮಿಕ್ಸರ್ ಬಂದ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು, ಕಣ್ಣಿನ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿ ನೋಡಿದ. ಲೇತ್ ಮುಂದೆ ನಿಂತಾಗ ಒಮ್ಮೆ ತೂಕಡಿಸಿ, ಕೈ ಯಂತ್ರಕ್ಕೆ ಸಿಕ್ಕುವುದು ಕೂದಲೆಳೆಯಲ್ಲಿ ತಪ್ಪಿತು. ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದ. ಶರಣವ್ವ ನಗಲಿಲ್ಲ.

ಅವಳು ಈಗ ಜೋಳವನ್ನು ಯಶವಂತಪುರದ ಮಿಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದಳು. ಅಲ್ಲಿ ಇವಳ ಮಾತು ಕೇಳಿ ಕಲ್ಲು ಒರೆಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಐವತ್ತು ರೊಟ್ಟಿಯಲ್ಲಿ ಹನ್ನೆರಡು, ಹದಿನೈದು ಒಡೆಯುತ್ತಿದ್ದವು. ನೆಟ್ಟಗಿದ್ದವು ಬುತ್ತಿಗೆ ಹೋಗುತ್ತಿದ್ದವು, ಒಡೆದವು ಮನೆಗೆ. ಇಬ್ಬರು ಹುಡುಗರು ಏನೂ ಹೇಳದೆ ಹೋಟೆಲಿನ ಊಟಕ್ಕೆ ಹೊರಟುಹೋದರು. ಉಳಿದವರೂ ಹೀಗೇ ಹೋದರೆ ತಾನು ಈ ಬೀದಿಯಲ್ಲಿ ಯಾರು ಎಂದು ಅವಳಿಗೆ ಯೋಚನೆ ಹತ್ತಿತು.

ಅಷ್ಟರಲ್ಲಿ ಮುನಿಶಾಮಪ್ಪನವರಿಗೆ ಮನೆಯಲ್ಲಿ ಕೂತು ಬೇಸರವಾಗಿತ್ತು. ಅವರ ಮನೆಯ ಹಿಂದೆ ಕೊಟ್ಟಿಗೆ ಇತ್ತು. ಹೊಲ ಹೋದ ಮೇಲೆ ದನವೂ ಹೋಗಿ ಅದು ಖಾಲಿ ಬಿದ್ದಿತ್ತು. ಅಲ್ಲೇ ಮಿಲ್ಲು ಹಾಕೋಣ ಎಂದು ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಬರೆಸಿದರು. ಅಕ್ಕಪಕ್ಕದ ಆರು ಮನೆಯವರ ಒಪ್ಪಿಗೆಯ ಸಹಿ ಇದ್ದರೆ ಮುಂದೆ ತಕರಾರಿರುವುದಿಲ್ಲ ಎಂದು ತಿಳಿದವರು ಹೇಳಿದರು. ಐದು ಸಹಿ ಎರಡೇ ದಿನದಲ್ಲಿ ಆದವು. ಆರನೆಯದು ಮುರಿಗೆಪ್ಪನದು. ಕೊಟ್ಟಿಗೆಯ ಹಿಂಗೋಡೆಗೂ ಮುರಿಗೆಪ್ಪ ಮಲಗುವ ಕೋಣೆಗೂ ನಡುವೆ ಇದ್ದದ್ದು ಒಂಬತ್ತಂಗುಲದ ಇಟ್ಟಿಗೆ, ಅಷ್ಟೇ.

ಕಾಗದವನ್ನು ಮುನಿಶಾಮಪ್ಪ ಶರಣವ್ವನ ಕೈಗೆ ಕೊಟ್ಟು, ನಿಮ್ಮ ಯಜಮಾನರು ಎದ್ದಾಗ ತೋರಿಸಿ ಎಂದರು. ಅವಳು ಅದನ್ನು ತಂದು ಟ್ರಂಕಿನಲ್ಲಿ, ಸೀರೆಗಳ ಅಡಿಗೆ ಇಟ್ಟಳು.

ಹತ್ತು ದಿನ ಕಳೆಯಿತು. ಮುನಿಶಾಮಪ್ಪ ಕೇಳಲಿಲ್ಲ. ಕೇಳಿದರೆ ಒತ್ತಾಯವಾಗುತ್ತದೆ ಎಂದು, ಎದುರು ಸಿಕ್ಕರೆ ಮಳೆಯ ಮಾತಾಡಿ ಹೋಗುತ್ತಿದ್ದರು. ಹನ್ನೊಂದನೆಯ ದಿನ ನಲ್ಲಿಯ ಹತ್ತಿರ ಗೌರಮ್ಮನೇ ಕೇಳಿದರು.

"ಇಟ್ಟು ಇಟ್ಟು ಅಂತ ಯಶವಂತಪುರಕ್ಕೆ ಓಗೋಳೂ ನೀನೇ, ಕಾಗ್ದ ಮುಚ್ಚಿಡೋಳೂ ನೀನೇ. ಇದ್ಯಾವ ನ್ಯಾಯ ಕಣವ್ವ?"

ಶರಣವ್ವ ತುಂಬಿದ ಕೊಡವನ್ನು ನಲ್ಲಿಯ ಪಕ್ಕಕ್ಕೆ ಸರಿಸಿದಳು. "ಹಿಟ್ಟು ನಂಗ ಬೇಕ್ರಿ. ನಿದ್ದಿ ಅವ್ರದು. ಅವ್ರ ನಿದ್ದಿ ನಾ ಹೆಂಗ ಕೊಡ್ಲಿ ಗೌರಮ್ಮಾರ?"

ಗೌರಮ್ಮ ಕೊಡವನ್ನು ಅವಳ ಸೊಂಟಕ್ಕೆ ಎತ್ತಿಟ್ಟರು.

ಅದೇ ದಿನ ಮುರಿಗೆಪ್ಪ ರೇಷನ್ ಕಾರ್ಡ್ ಹುಡುಕುತ್ತ ಟ್ರಂಕು ತೆಗೆದ. ಬೆಳಿಗ್ಗೆಯಷ್ಟೇ ಅವನು ತುಂಡು ರೊಟ್ಟಿಗಳನ್ನು ಹಾಲಿನಲ್ಲಿ ಅದ್ದಿ ತಿಂದಿದ್ದ. ಮೂರು ತಿಂಗಳಿಂದ ತಿನ್ನುತ್ತಿದ್ದ, ರೊಟ್ಟಿ ಬೇಯಿಸುವ ಹಂಚು ಸರಿಯಿಲ್ಲವೇ ಎಂದು ಒಮ್ಮೆ ಮಾತ್ರ ಕೇಳಿದ್ದ. ಕಾಗದವನ್ನು ಎರಡು ಸಲ ಓದಿ, ಒಲೆಯ ಮುಂದಿದ್ದ ಹೆಂಡತಿಗೆ ತೋರಿಸಿದ.

"ಇದು ಬಂದು ಎಷ್ಟು ದಿನ ಆತು?"

"ಹನ್ನೊಂದು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಸಹಿ ಮಾಡ್ತಿದ್ರಿ," ಅಂದಳು ಶರಣವ್ವ. "ಅದಕ್ಕ ಹೇಳಲಿಲ್ಲ."

ಮುರಿಗೆಪ್ಪ ಸಹಿ ಹಾಕಿದ. ಇನ್ನೊಂದು ಹಾಳೆ ತೆಗೆದು, ಡ್ರಾಯಿಂಗಿಗೆ ಅಳತೆ ಬರೆಯುವ ತನ್ನ ದುಂಡಗಿನ ಅಕ್ಷರದಲ್ಲಿ ಮೂರು ಸಾಲು ಬರೆದುಕೊಂಡು ಮುನಿಶಾಮಪ್ಪನವರ ಮನೆಗೆ ಹೋದ. ಮುನಿಶಾಮಪ್ಪ ಕನ್ನಡಕ ಹುಡುಕತೊಡಗಿದಾಗ ತಾನೇ ಓದಿ ಹೇಳಿದ. ಮೊದಲನೇ ಶಿಫ್ಟಿನ ವಾರ ಮಿಲ್ಲು ಯಾವಾಗ ಬೇಕಾದರೂ ನಡೆಯಲಿ. ಎರಡನೇ ಶಿಫ್ಟಿನ ವಾರ ಬೆಳಿಗ್ಗೆ ಎಂಟರ ಮೇಲೆ. ಮೂರನೇ ಶಿಫ್ಟಿನ ವಾರ ಮಧ್ಯಾಹ್ನ ಎರಡೂವರೆಯ ಮೇಲೆ.

"ಆಗದಿದ್ರ ಬ್ಯಾಡ್ರಿ ಯಜಮಾನ್ರ. ಸಹಿ ಅಂತೂ ಆಗೇತಿ, ಅದನ್ನ ತಿರುಗಿ ಕೇಳಂಗಿಲ್ಲ."

ಮುನಿಶಾಮಪ್ಪ ಕನ್ನಡಕ ಹುಡುಕುವುದನ್ನು ಬಿಟ್ಟರು. "ಉಳೋವಾಗ ಬಿಸ್ಲೊತ್ತಾದ್ರೆ ಎತ್ತಿನ ನೊಗ ಬಿಚ್ತಿದ್ದೆ ಕಣಪ್ಪ. ಮನ್ಸನ್ಗೆ ಬಿಚ್ಚಕ್ಕಾಗಲ್ವಾ?"

"ನನ್ನ ಎತ್ತು ಮಾಡಿದ್ರಲ್ರಿ."

"ಎತ್ತಾಗಿದ್ರೆ ಇಷ್ಟೊಂದು ಬರ್ಕೊಂಡ್ ಬರ್ತಿರ್ಲಿಲ್ಲ ಬುಡು," ಎಂದರು ಒಳಗಿನಿಂದ ಗೌರಮ್ಮ.

ಅಕ್ಟೋಬರಿನಲ್ಲಿ ಕೊಟ್ಟಿಗೆಯಲ್ಲಿ ಕಲ್ಲು ತಿರುಗಿತು. ಮೊದಲು ಬಿದ್ದದ್ದು ಶರಣವ್ವನ ಜೋಳ. ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ತೂಗುಹಾಕಿದರು. ಪ್ರತಿ ಭಾನುವಾರ ಸಂಜೆ ಶರಣವ್ವ ಮುಂದಿನ ವಾರದ ಶಿಫ್ಟು ಹೇಳುವುದು, ಮುನಿಶಾಮಪ್ಪ ಸೀಮೆಸುಣ್ಣದಲ್ಲಿ ಸಮಯ ಬರೆಯುವುದು. ಮಿಕ್ಸರ್ ಇನ್ನೂ ನಿಂತಿರಲಿಲ್ಲ. ಅದು ಹೇಗೂ ಬಡಿದುಕೊಳ್ಳುತ್ತಿದೆ, ನೀವೊಬ್ಬರು ಸುಮ್ಮನಿದ್ದರೆ ಏನು ಬಂತು ಎಂದು ಗೌರಮ್ಮ ಕೇಳಿದ್ದುಂಟು. "ಅದು ಸಂಘದ್ದು, ಇದು ನಂದು," ಎಂದರು ಮುನಿಶಾಮಪ್ಪ.

1985ರ ಏಪ್ರಿಲ್‌ನಲ್ಲಿ ಎರಡನೇ ಬ್ಲಾಕಿನ ಅಂಗಡಿಗಳು ತೆರೆದವು. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಡಾಕ್ಟರ ಕ್ಲಿನಿಕ್ಕು, ಐಸ್‌ಕ್ರೀಮ್ ಪಾರ್ಲರು. ಹದಿನೇಳನೇ ನಂಬರಿನಲ್ಲಿ ಮುನಿಶಾಮಪ್ಪನವರಿಂದ ಬಾಡಿಗೆಗೆ ಪಡೆದವರು ಬಳೆ, ರಿಬ್ಬನ್ನಿನ ಫ್ಯಾನ್ಸಿ ಸ್ಟೋರ್ ಇಟ್ಟರು. ಸಂಜೆ ಹೊತ್ತು ಬೇರೆ ಬಡಾವಣೆಗಳಿಂದಲೂ ಸ್ಕೂಟರುಗಳು ಬಂದವು. ಅವನ್ನು ನಿಲ್ಲಿಸಲು ಜಾಗವಿಲ್ಲದೆ ಹಿಂದಿನ ಬೀದಿಯಲ್ಲಿ ಸಾಲಾಗಿ ನಿಲ್ಲಿಸಿದರು. ದಿನಸಿ ಅಂಗಡಿಗೆ ಪ್ಯಾಕೆಟ್ ಹಿಟ್ಟು ಬಂತು. ಮಿಲ್ಲಿನ ಗಿರಾಕಿಗಳಲ್ಲಿ ಮೂರರಲ್ಲೊಂದು ಪಾಲು ಅತ್ತ ಹೋಯಿತು. ಉಳಿದವರು ಹಲಗೆ ನೋಡಿ ಬರುವುದನ್ನು ಕಲಿತರು. ಒಮ್ಮೆ ಗೋಧಿ ತಂದ ಚನ್ನಕೇಶವ, ಬ್ಯಾಂಕಿಗೂ ಇಂಥ ಟೈಮ್ ಟೇಬಲ್ ಇಲ್ಲವಲ್ಲ ಎಂದು ಗೊಣಗಿದರು.

"ಗೋಡೆ ಆ ಕಡೆ ಒಬ್ರು ಮಲಗವ್ರೆ ಸ್ವಾಮಿ," ಎಂದರು ಮುನಿಶಾಮಪ್ಪ, ದನಿ ತಗ್ಗಿಸಿ.

ಚನ್ನಕೇಶವ ಡಬ್ಬವನ್ನು ಸದ್ದಾಗದಂತೆ ನೆಲಕ್ಕಿಟ್ಟು ಹೋದರು, ಮಧ್ಯಾಹ್ನ ಮತ್ತೆ ಬಂದರು. ಸ್ಕೂಟರಿನವರಿಗೂ ಬೀದಿಯವರೇ ಹೇಳುತ್ತಿದ್ದರು: ಹಾರ್ನ್ ಹೊಡೀಬೇಡಿ, ಈ ವಾರ ಮೂರನೇ ಶಿಫ್ಟು. ಮುರಿಗೆಪ್ಪನ ಮುಖವನ್ನೇ ನೋಡಿರದವರಿಗೂ ಅವನ ಶಿಫ್ಟು ಗೊತ್ತಿತ್ತು. ಹೋಟೆಲಿಗೆ ಹೋಗಿದ್ದ ಇಬ್ಬರು ಹುಡುಗರು ಬುತ್ತಿಗೆ ವಾಪಸು ಬಂದರು.

1987ರ ಜೂನ್‌ನಲ್ಲಿ ಮುರಿಗೆಪ್ಪನಿಗೆ ಬಡ್ತಿಯಾಗಿ ಜನರಲ್ ಶಿಫ್ಟು ಸಿಕ್ಕಿತು. ಇನ್ನು ರಾತ್ರಿ ಕೆಲಸವಿಲ್ಲ. ಭಾನುವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಪೇಡೆ ತೆಗೆದುಕೊಂಡು ಹೋಗಿ ವಿಷಯ ತಿಳಿಸಿದರು. ಇಷ್ಟು ದಿನ ಉಪಕಾರ ಮಾಡಿದ್ರಿ, ಇನ್ನು ಹಲಗೆ ತೆಗೀಬಹುದು ಎಂದು ಮುರಿಗೆಪ್ಪ ಹೇಳಿದ.

ಮುನಿಶಾಮಪ್ಪ ಸಂತೋಷ ಎಂದರು. ಆದರೆ ಮುಖ ಅಷ್ಟೇನೂ ಅರಳಲಿಲ್ಲ. ಪೇಡೆಯನ್ನು ಕೈಯಲ್ಲೇ ತಿರುಗಿಸುತ್ತ ಕೂತರು. ಅವರು ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗೌರಮ್ಮ ಹೇಳಿದರು.

"ಆ ವಾರ ಇವ್ರೂ ಮಲಗ್ತಿದ್ರು ಕಣವ್ವ. ಅಲ್ಲೇ, ಗೋಡೆ ಪಕ್ಕ ಮೂಟೆ ಮೇಲೆ, ಎಂಟರಿಂದ ಎರಡೂವರೆ ಗಂಟ. ಉಟ್ಟಿದಾಗಿಂದ ಬೆಳಗೊತ್ತು ಕಣ್ಮುಚ್ದೋರಲ್ಲ. ಈಗ ಮೂರು ವಾರಕ್ಕೊಂದ್ಸಲ ಅದೇ ಅಬ್ಬ, ಅದೇ ಜಾತ್ರೆ."

ಮುರಿಗೆಪ್ಪ ನಕ್ಕುಬಿಟ್ಟ. ಒಂಬತ್ತಂಗುಲ ಗೋಡೆಯ ಎರಡು ಕಡೆ ಇಬ್ಬರು ಹತ್ತಿರ ಹತ್ತಿರ ಮೂರು ವರ್ಷ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದ್ದೆವು ಅನ್ನಿ ಎಂದ. ಮುನಿಶಾಮಪ್ಪ ಪೇಡೆಯನ್ನು ಬಾಯಿಗೆ ಹಾಕಿಕೊಂಡು, ನಿಮ್ಮ ಗೊರಕೆ ಕೇಳಿಸ್ತಿತ್ತು ಎಂದಷ್ಟೇ ಹೇಳಿದರು.

ಶರಣವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಹಳೆಯ ಪ್ರಕಾರ ನಡೆದಿದ್ದರೆ ನಾಳೆಯಿಂದ ಮೂರನೇ ಶಿಫ್ಟು. ಅವಳೇ ಎದ್ದು ಸೀಮೆಸುಣ್ಣ ತಂದು ಮುನಿಶಾಮಪ್ಪನವರ ಕೈಗೆ ಕೊಟ್ಟಳು. ಅವರು ಹೆಂಡತಿಯ ಮುಖ ನೋಡಿ, ಆಮೇಲೆ ಹಲಗೆಯ ಹತ್ತಿರ ಹೋಗಿ, ಈ ವಾರ ಮಧ್ಯಾಹ್ನ 2-30ರಿಂದ ಎಂದು ಬರೆದರು.

ಮಾರನೆಯ ಬೆಳಿಗ್ಗೆ ಮುರಿಗೆಪ್ಪ ಏಳೂವರೆಗೇ ಸೈಕಲ್ ಹತ್ತಿ ಕೆಲಸಕ್ಕೆ ಹೋದ. ಶರಣವ್ವನಿಗೆ ಇನ್ನೂ ಹತ್ತು ರೊಟ್ಟಿ ಬಡಿಯುವುದಿತ್ತು. ಅವಳ ರೊಟ್ಟಿ ಮಣೆ ಇದ್ದದ್ದು ಒಳಗೆ, ಕೊಟ್ಟಿಗೆಯ ಗೋಡೆಗೆ ಹತ್ತಿಕೊಂಡು. ಗಡಿಯಾರದಲ್ಲಿ ಎಂಟಾಗುತ್ತಿತ್ತು, ಆ ಕಡೆ ಮುನಿಶಾಮಪ್ಪ ಮೂಟೆಯ ಮೇಲೆ ಮಲಗುವ ಹೊತ್ತು. ಅವಳು ಹಿಟ್ಟಿನ ಪರಾತ ಎತ್ತಿಕೊಂಡು, ಸೀಮೆಎಣ್ಣೆ ಸ್ಟೋವನ್ನೂ ಮಣೆಯನ್ನೂ ಒಂದೊಂದಾಗಿ ಜಗಲಿಗೆ ಸಾಗಿಸಿ, ಅಲ್ಲಿ ಕೂತು ಬಡಿಯತೊಡಗಿದಳು.