ನೀರಿನ ಧಣಿಯ ಪಾಲು

"ಹೆಣ ಎತ್ತಿದಂಗ ಎತ್ತಬ್ಯಾಡಲೇ ಬಾಡ್ಯಾ. ಬಲಿ ಬೀಸೋದು ಮರ್ತೀಯೇನು?"

ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಹಿಂದಿನ ಹಳ್ಳದಲ್ಲಿ ಮಾಣಿಕಪ್ಪ ಮೊಳಕಾಲುದ್ದ ನೀರಿಗಿಳಿದು ನಿಂತಿದ್ದ. ಆ ನೀರು ತಾಗಿ ತಾಗಿ ಅವನ ಕಾಲಿನ ಹುಣ್ಣು ಒಣಗುವುದನ್ನೇ ಬಿಟ್ಟಿತ್ತು. ದಡದ ಮೇಲೆ ಸೂಪರ್‌ವೈಸರ್ ಅಂಬಾದಾಸ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಅವನನ್ನು ಬೈಯುತ್ತಿದ್ದ. ಹಳ್ಳದಲ್ಲಿ ಮೀನು ಬದುಕಿವೆಯೇ ಎಂದು ನೋಡಲು ಮಾಲಿನ್ಯ ಮಂಡಳಿಯ ಮಹಿಳಾ ಅಧಿಕಾರಿ ಬರುವವರಿದ್ದರು. ಅದಕ್ಕೇ ಅವನು ಡ್ರಮ್ಮಿನಲ್ಲಿ ಮೀನು ತರಿಸಿದ್ದ.

ಮಾಣಿಕಪ್ಪನ ಹೆಂಡತಿ ಯಂಕಮ್ಮ ಡ್ರಮ್ಮಿಗೆ ಕೈಹಾಕಿ ಒಂದನ್ನು ಹಿಡಿದಳು. ಬೆರಳುದ್ದದ ಬೆಳ್ಳಿ ಮೈ, ಬಾಲದ ಬುಡದಲ್ಲಿ ಕರಿ ಚುಕ್ಕೆ.

"ಇವು ನಮ್ಮ ಭೀಮಾ ಹೊಳ್ಯಾಗೂ ಅದಾವ್ರಿ. ಇದರಾಗ ಬಿಟ್ರ ಸಾಯ್ತಾವ."

"ಮೇಡಂ ನೋಡಿ ಹೋಗೂತನಕ ಜೀವ ಇದ್ರ ಸಾಕು. ಇಲ್ಲೇ ಹಿಡೀತೀವಿ, ದಿನಾ ತಿಂತೀವಿ ಅನ್ನು. ಇಲ್ಲಂದ್ರ ಸಂಜೀಕ ನಿಮ್ಮ ಜೋಪಡಿ ಇರಂಗಿಲ್ಲ. ಜಾಗಾ ನಮ್ದು."

"ಹಳ್ಳಾನೂ ನಿಮ್ದೇನ್ರಿ?"

"ಹಳ್ಳಕ್ಕೂ ನಾನ ಧಣಿ ಅನ್ಕೋ."

"ಹಂಗಾದ್ರ ಮೊದಲ ಮೀನ ನಿಮ್ದಾತು. ಹೊಳೀ ಮಂದಿ ನಾವು. ಮೊದಲ ಸಲ ಬಲಿಗೆ ಬಿದ್ದ ಮೀನ ಅದೇ ನೀರಾಗ ಕುದಿಸಿ ನೀರಿನ ಧಣಿಗೆ ಕೊಡಬೇಕ್ರಿ. ಅವರು ಬಾಯಿಗಿಡೂತನಕ ನಾವು ಮುಟ್ಟಂಗಿಲ್ಲ."

"ಮಾಡು ಮಾಡು. ಮೀನಂದ್ರ ನನಗ ಜೀವ," ಎಂದು ಅಂಬಾದಾಸ ನಕ್ಕ.

ಡ್ರಮ್ಮಿನ ಮೀನನ್ನು ಹಳ್ಳಕ್ಕೆ ಸುರಿಯುವಷ್ಟರಲ್ಲಿ ಅಧಿಕಾರಿ ಬಂದರು. ಮಾಣಿಕಪ್ಪ ಬಲೆ ಎತ್ತಿದ. ಅರ್ಧ ಮೀನು ಒದ್ದಾಡುತ್ತಿದ್ದವು, ಅರ್ಧ ಸುಮ್ಮನಿದ್ದವು. ಅವರು ಒಂದನ್ನು ಗಾಜಿನ ಜಾಡಿಗೆ ಹಾಕಿ ಚಿತ್ರದ ಹಾಳೆಯ ಪಕ್ಕ ಹಿಡಿದರು. ಚುಕ್ಕೆ ನೋಡಿದರು, ರೆಕ್ಕೆ ನೋಡಿದರು. ಇಲ್ಲಿನದೇ ಜಾತಿ ಎಂದರು. ಅದು ನಿಜವೂ ಆಗಿತ್ತು. ಇವನ್ನು ತಿನ್ನುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು.

"ಹಾಂ ಮೇಡಂ. ರೋಜ್," ಎಂದಳು ಯಂಕಮ್ಮ.

ಅಂಬಾದಾಸ ಕುರ್ಚಿ ಹಾಕಿಸಿ, ತಣ್ಣನೆಯ ಜ್ಯೂಸ್ ತರಿಸಿದ. ಅಧಿಕಾರಿ ಫೋಟೊ ಕಳಿಸುತ್ತ ಕೂತರು. ಜೋಪಡಿಯ ಮುಂದಿನ ಒಲೆ ಆಗಲೇ ಉರಿಯುತ್ತಿತ್ತು. ಯಂಕಮ್ಮ ಹಳ್ಳದಲ್ಲೇ ಮೀನು ತೊಳೆದು, ಹಳ್ಳದಿಂದಲೇ ಗಡಿಗೆ ತುಂಬಿಕೊಂಡಳು. ಗಡಿಗೆಯ ಕಂಠಕ್ಕೆ ನೊರೆ ಹತ್ತಿತ್ತು. ಉಪ್ಪು, ಖಾರ ಹಾಕಿದಳು. ಸಣ್ಣ ಮೀನು, ಬೇಗ ಬೆಂದವು.

ತಟ್ಟೆ ತಂದು ಅಂಬಾದಾಸನ ಮುಂದೆ ಹಿಡಿದಳು.

"ನಿಮ್ಮ ಪಾಲು, ಧಣಿ."

"ಆಮ್ಯಾಲ ತಿಂತೀನಿ. ನಡಿ."

"ಮೀನಂದ್ರ ಜೀವ ಅಂದ್ರೆಲ್ರಿ. ನಿಮ್ಮ ಹಳ್ಳದ್ದು, ನಿಮ್ಮ ನೀರಾಗ ಕುದಿಸೀನಿ. ನೀವು ಉಂಡ್ರ ನಾವು ಉಣ್ಣೂದು."

ಸಾರಿನಿಂದ ಔಷಧದ ಘಾಟು ಎದ್ದಿತು. ಅಧಿಕಾರಿ ಫೋನಿನಿಂದ ತಲೆ ಎತ್ತಿದರು. "ಖಾವೊ ನಾ," ಎಂದರು, ಅಂಬಾದಾಸನನ್ನೇ ನೋಡುತ್ತ.

ಅವನ ಕೈ ತಟ್ಟೆಯವರೆಗೆ ಬಂದು ನಿಂತಿತು.

"ಜೋಪಡಿ ಸುಟ್ಟ ಹಾಕ್ತೀನಿ, ರಂಡಿ," ಎಂದ, ಹಲ್ಲಿನ ಸಂದಿಯಲ್ಲಿ.

"ಸುಡ್ರಿ. ಮೊದಲ ಉಣ್ರಿ."

ಮಾಣಿಕಪ್ಪ ನೀರಿನಿಂದ ಮೇಲೆ ಬಂದು, ತೊಟ್ಟಿಕ್ಕುವ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಹೆಂಡತಿಯ ಪಕ್ಕ ನಿಂತ. ಯಂಕಮ್ಮ ತಟ್ಟೆಯನ್ನು ಇನ್ನಷ್ಟು ಮೇಲೆತ್ತಿ ಅಂಬಾದಾಸನ ಬಾಯಿಯ ಹತ್ತಿರ ಹಿಡಿದಳು. ಬೆಂದ ಮೀನಿನ ಬಾಲದಲ್ಲಿ ಕರಿ ಚುಕ್ಕೆ ಇನ್ನೂ ಹಾಗೇ ಇತ್ತು.