ಭುಜ ತಟ್ಟುವ ಆಮೆನ್

ಬೆಂಚಿನ ಆ ತುದಿಯನ್ನು ಪ್ರೇಮಕುಮಾರ ಅಣ್ಣ ಹಿಡಿದ, ಈ ತುದಿಯನ್ನು ನಾನು. ಎತ್ತಿ, ತಿರುಗಿಸಿ, ಗೋಡೆಯ ಹತ್ತಿರ ಇಟ್ಟೆವು. ಒಟ್ಟು ಹನ್ನೊಂದು ಬೆಂಚು. ಎರಡೂ ಕೈ ಬೆಂಚಿನ ಮೇಲಿರುವಾಗ ಅಣ್ಣನಿಗೆ ಮಾತಿಲ್ಲ, ಅವನ ಜೊತೆ ನನಗೂ ಇಲ್ಲ. ಕೊನೆಯದನ್ನು ಇಳಿಸಿದ ಮೇಲೆ ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸನ್ನೆಯಲ್ಲಿ ಹೇಳಿದ.

"ಇವತ್ತ ಮಾಡಾಕ ಬಿಡಲಿಲ್ಲಂದ್ರ, ಬರೂ ವಾರದಿಂದ ನಾವು ಹುಡುಗ್ರು ಯಾರೂ ಬರಂಗಿಲ್ಲ."

ಬಿಡಬೇಕಾದವರು ಪಾಸ್ಟರ್ ಹರಿಶ್ಚಂದ್ರ. ಬಿಡಬೇಕಾಗಿದ್ದುದು ಒಂದೇ ಒಂದು ಪ್ರಾರ್ಥನೆ. ಅದನ್ನು ಅಣ್ಣ ತನ್ನ ಕೈಯಿಂದ ಮಾಡಬೇಕು, ಉಳಿದವರು ಕಣ್ಣು ತೆರೆದುಕೊಂಡು ನೋಡಬೇಕು.

ಖಡಕಿಯ ನಮ್ಮ ಚರ್ಚಿನ ಹಿಂದಿನ ಹಾಲಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಕಿವುಡರ ಆರಾಧನೆ. ಅಣ್ಣ ಹುಟ್ಟು ಕಿವುಡ. ನನಗೆ ಕೇಳಿಸುತ್ತದೆ. ಬೀದರ ಕಡೆಯಿಂದ ಈ ಊರಿಗೆ ದುಡಿಯಲು ಬಂದ ಹೊಸತರಲ್ಲಿ ಅಪ್ಪ, ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅಣ್ಣನ ಜೊತೆ ಒಬ್ಬರು ಇರಲಿ ಎಂದು ಏಳನೆಯ ಇಯತ್ತೆಗೇ ನನ್ನ ಶಾಲೆ ಬಿಡಿಸಿದರು. ಅವನಿಂದ ಕಲಿತ ಸನ್ನೆಯೇ ನನ್ನ ವಿದ್ಯೆ. ಪಾಸ್ಟರ್ ಬಾಯಿಂದ ಹೇಳಿದ್ದನ್ನು ಪಕ್ಕದಲ್ಲಿ ನಿಂತು ನಾನು ಕೈಯಿಂದ ಹೇಳುತ್ತೇನೆ. ಕಿವುಡರು ಕೈಯಿಂದ ಹೇಳಿದ್ದನ್ನು ಅವರಿಗೆ ಬಾಯಿಂದ ಹೇಳುತ್ತೇನೆ. ಏಳು ವರ್ಷವಾಯಿತು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವ ನನಗೆ ಈ ಕೆಲಸ ಕಷ್ಟವಾಗಲಿಲ್ಲ, ಮಾತು ನನ್ನದಲ್ಲವಲ್ಲ.

ಪ್ರಾರ್ಥನೆಯ ಹೊತ್ತು ಮಾತ್ರ ನನಗೆ ಬಿಡುವು. ಎಲ್ಲರೂ ಕಣ್ಣು ಮುಚ್ಚಬೇಕು ಎಂಬುದು ಪಾಸ್ಟರರ ನಿಯಮ. ಕಣ್ಣು ಮುಚ್ಚಿದ ಕಿವುಡರಿಗೆ ನನ್ನ ಕೈ ಕಾಣುವುದಿಲ್ಲ. ಪಾಸ್ಟರ್ ಪ್ರಾರ್ಥಿಸುತ್ತಿದ್ದರು, ನಾನೊಬ್ಬಳೇ ಕೇಳುತ್ತಿದ್ದೆ. ಮುಗಿದ ಮೇಲೆ ಅವರು ಮೊದಲ ಬೆಂಚಿನ ಅವ್ವಣ್ಣ ಕಾಕಾನ ಭುಜ ತಟ್ಟುತ್ತಿದ್ದರು. ಕಾಕಾ ಪಕ್ಕದವರ ಭುಜ ತಟ್ಟುತ್ತಿದ್ದ, ಅವರು ಹಿಂದಿನವರದು. ಹೀಗೆ ಆಮೆನ್ ಭುಜದಿಂದ ಭುಜಕ್ಕೆ ದಾಟಿ ಕೊನೆಯ ಬೆಂಚು ಮುಟ್ಟುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಅದು ಮುಟ್ಟಲಿಲ್ಲ. ಕೊನೆಯ ಬೆಂಚಿನಲ್ಲಿದ್ದವಳು ಚಂದಮ್ಮ ಆಯಿ. ಅವಳ ಪಕ್ಕದ ಹೆಂಗಸು ಬಸ್ಸು ತಪ್ಪುತ್ತದೆಂದು ನಡುವೆಯೇ ಎದ್ದು ಹೋಗಿದ್ದಳು. ನಾವೆಲ್ಲ ಹೊರಗೆ ಚಹಾ ಕುಡಿದೆವು. ಅಣ್ಣ ಕೀಲಿ ಹಾಕಲು ಹೋದಾಗ ಆಯಿ ಒಬ್ಬಳೇ ಕೈ ಜೋಡಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಅವನು ಭುಜ ಮುಟ್ಟಿದ ಮೇಲೆಯೇ ಕಣ್ಣು ತೆರೆದಳು.

"ಇವತ್ತ ಪ್ರಾರ್ಥನಾ ಭಾಳ ಉದ್ದ ಆತು," ಎಂದು ಸಂತೋಷದಿಂದ ಸನ್ನೆ ಮಾಡಿದಳು. "ನಮ್ಮ ಸಲುವಾಗಿ ಏನೇನು ಬೇಡಿದ್ರೋ ಏನೋ."

ಅಣ್ಣ ನಗಲಿಲ್ಲ. ಮುಂದಿನ ವಾರವೇ ಬೆಂಚುಗಳನ್ನು ಸುತ್ತಲೂ ಇಟ್ಟ, ಎಲ್ಲರಿಗೂ ಎಲ್ಲರ ಕೈ ಕಾಣುವ ಹಾಗೆ. ಶಿರೂರಿನ ಮಹೇಶಕುಮಾರ ಅವನ ಜೊತೆಯಾದ. ಇಬ್ಬರೂ ಬಸ್ಸು ಹತ್ತಿ, ಕಾರ್ಖಾನೆಗಳ ಗೇಟಿನಲ್ಲಿ ಕಾದು, ಕಿವುಡ ಹುಡುಗ ಹುಡುಗಿಯರನ್ನು ಹುಡುಕಿ ಕರೆತಂದರು. ಒಂಬತ್ತು ಜನ ಇದ್ದಲ್ಲಿ ಮೂವತ್ತೊಂದು ಜನರಾದರು. ಹಾಡನ್ನು ಕೈಯಲ್ಲೇ ಕಟ್ಟಿದರು. ಎಲ್ಲರ ಗಮನ ಬೇಕಾದಾಗ ಟ್ಯೂಬ್‌ಲೈಟಿನ ಸ್ವಿಚ್ಚು ಆರಿಸಿ ಹಾಕುವುದನ್ನು ರೂಢಿಗೆ ತಂದವಳು ಕ್ಯಾಂಪ್ ಬಡಾವಣೆಯ ಒಂದು ಹುಡುಗಿ. ಅವ್ವಣ್ಣ ಕಾಕಾ ಗೊಣಗುತ್ತಲೇ ಎಲ್ಲಕ್ಕೂ ಒಪ್ಪಿದ. ಆದರೆ ಬೆಂಚು ಎಲ್ಲಿಗೆ ಹೋದರೂ, ಮೊದಲ ಬೆಂಚು ಇದ್ದ ಜಾಗದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಪ್ರಾರ್ಥನೆಯ ಮಾತು ಬಂದರೆ ಮುಖ ತಿರುಗಿಸುತ್ತಿದ್ದ. ಈ ಸಭೆಯನ್ನು ಶುರು ಮಾಡಿದ ಕಿವುಡರಲ್ಲಿ ಉಳಿದವನು ಅವನೊಬ್ಬನೇ. ಅವನ ಮಾತನ್ನು ಹಿರಿಯರು ಯಾರೂ ಮೀರುತ್ತಿರಲಿಲ್ಲ.

ಹುಡುಗರು ಪಾಸ್ಟರರಿಗೆ ಸನ್ನೆಯ ಹೆಸರು ಇಟ್ಟಿದ್ದರು, ಎರಡು ಬೆರಳಿಂದ ರೆಪ್ಪೆ ಮುಚ್ಚುವುದು. "ಕಣ್ಣ ಮುಚ್ಚಿದ್ರ ದೇವರು ಕಾಣಸ್ತಾನಂತ. ನನಗ ಬರೇ ನಿದ್ದಿ ಬರ್ತದ," ಎಂದು ಮಹೇಶಕುಮಾರ ಕೆಣಕುತ್ತಿದ್ದ. ಪಾಸ್ಟರ್ ಕೆಟ್ಟವರಲ್ಲ. ಆಯಿಯ ಮೊಣಕಾಲಿಗೆ ಔಷಧ ತಂದುಕೊಡುವವರು ಅವರೇ.

ಅಣ್ಣ ಹಾಗೆ ಹೇಳಿದ ಆ ದಿನ, ವಾಕ್ಯ ಓದಿ ಮುಗಿದ ಮೇಲೆ ಅಣ್ಣ ಎದ್ದು ನಡುವೆ ಬಂದ. ಪ್ರಾರ್ಥನೆ ತಾನು ಮಾಡುತ್ತೇನೆಂದ. ನಾನು ಪಾಸ್ಟರರಿಗೆ ಹೇಳಿದೆ.

"ಮಾಡಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಎಲ್ಲಾರೂ ಕಣ್ಣ ಮುಚ್ಚಲಿ," ಎಂದರು ಪಾಸ್ಟರ್. "ಕಣ್ಣ ತೆರೆದು ಮಾಡಿದ್ರ ಅದು ದೇವರಿಗಲ್ಲ, ಒಬ್ಬರಿಗೊಬ್ಬರು ತೋರಸೂದು ಆಗ್ತದ. ಹೇಳವಾ ಅವನಿಗೆ."

ಇಂಥ ಮಾತನ್ನು ನಾನು ಯಾವಾಗಲೂ ಮೆತ್ತಗೆ ಮಾಡಿ ದಾಟಿಸುತ್ತಿದ್ದೆ. ಆ ಕಡೆಯದನ್ನೂ, ಈ ಕಡೆಯದನ್ನೂ. ಜಗಳವಾಗಬಾರದು ಎಂದು. ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ಅಂದು ಇದ್ದದ್ದನ್ನು ಇದ್ದಂತೆಯೇ ಹೇಳಿದೆ.

ಕಣ್ಣು ಮುಚ್ಚಿದವರ ಮುಂದೆ ತಾನು ಯಾರಿಗೆ ಮಾತಾಡಬೇಕು ಎಂದು ಅಣ್ಣ ಕೇಳಿದ. ಪಾಸ್ಟರ್ ಆಗದೆಂದು ತಲೆ ಅಲ್ಲಾಡಿಸಿದರು. ಮಹೇಶಕುಮಾರ ಬೆಂಚಿನ ಕೆಳಗಿದ್ದ ಚೀಲ ತೆಗೆದುಕೊಂಡು ಎದ್ದ. ಅವನನ್ನು ನೋಡಿ ಕ್ಯಾಂಪಿನ ಹುಡುಗಿ ಎದ್ದಳು. ಒಬ್ಬೊಬ್ಬರಾಗಿ ಹನ್ನೆರಡು, ಹದಿಮೂರು ಜನ. ಹಿರಿಯರು ಕೂತೇ ಇದ್ದರು, ಕಾಕಾನ ಕಡೆ ನೋಡುತ್ತ.

ಕಾಕಾ ಎದ್ದು ಬಾಗಿಲಿಗೆ ಅಡ್ಡ ನಿಂತ. ಹುಡುಗರನ್ನು ಬಯ್ಯುತ್ತಾನೆ ಎಂದುಕೊಂಡೆ. ಅವನು ನನ್ನ ಕಡೆ ತಿರುಗಿದ.

"ನಿನಗ ಕೇಳಸ್ತದ, ತಂಗಿ. ನಾ ಕಣ್ಣ ಮುಚ್ಚಿದಾಗ ಈ ಪಾಸ್ಟರ್ರು ನನ್ನ ಸಲುವಾಗಿ ಏನು ಬೇಡ್ತಾರ?"

ಏನು ಕೇಳಿದನೆಂದು ಪಾಸ್ಟರ್ ವಿಚಾರಿಸಿದರು. ಹೇಳಿದೆ.

"ಹೇಳವಾ," ಎಂದರು ಅವರು, ಸಹಜವಾಗಿ. "ಅದರಾಗ ಮುಚ್ಚಿಡೂದೇನದ?"

ಏಳು ವರ್ಷದಿಂದ ಕೇಳಿ ಬಾಯಿಪಾಠವಾಗಿತ್ತು. ಕರ್ತನೇ, ಈ ಕಿವುಡರ ಕಿವಿ ತೆರೆ. ಈ ಮೂಕರ ನಾಲಗೆ ಬಿಡಿಸು. ಈ ಶಾಪವನ್ನು ಇವರ ಮೇಲಿಂದ ತೆಗೆದುಹಾಕು. ಒಂದೊಂದನ್ನೇ ಕೈಯಿಂದ ಹೇಳಿದೆ. ಶಾಪ ಎನ್ನುವುದನ್ನೂ ಮೆತ್ತಗೆ ಮಾಡದೆ ಹೇಳಿದೆ.

ಎದ್ದವರು ಎದ್ದಲ್ಲೇ ನಿಂತರು. ಚಂದಮ್ಮ ಆಯಿ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

"ಪ್ರತಿ ವಾರ?" ಎಂದು ಕಾಕಾ ಕೇಳಿದ.

"ಪ್ರತಿ ವಾರ."

"ನಿನಗ ಗೊತ್ತಿತ್ತು."

ಹೌದೆಂದು ತಲೆ ಆಡಿಸಿದೆ. ಕಾಕಾ ಪಾಸ್ಟರರನ್ನು ನೋಡಲಿಲ್ಲ. ನನ್ನನ್ನೇ ನೋಡಿದ. ಆಮೇಲೆ ಬಾಗಿಲು ಬಿಟ್ಟು ಬಂದು, ಮಹೇಶಕುಮಾರನ ಹೆಗಲು ಒತ್ತಿ ಕೂರಿಸಿದ. ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಸುತ್ತಿನ ಬೆಂಚುಗಳ ಸಾಲಿಗೆ ಸೇರಿಸಿದ. ಕೂತು, ಅಣ್ಣನಿಗೆ, "ಮಾಡು," ಎಂದ.

ಅಣ್ಣ ಕೈ ಎತ್ತಿದ. ಆಯಿಯ ಮೊಣಕಾಲಿಗಾಗಿ ಬೇಡಿದ. ಮಹೇಶಕುಮಾರನಿಗೆ ಕಾಯಂ ಕೆಲಸ ಬೇಡಿದ. ಕಾಕಾನಿಗೆ ಇನ್ನೂ ಹತ್ತು ವರ್ಷ ಈ ಕುರ್ಚಿ ಇರಲಿ ಎಂದ. ಯಾರಿಗೂ ಕಿವಿ ಬೇಡಲಿಲ್ಲ. ಮೂವತ್ತು ಜನ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಆಯಿ ತನ್ನ ಹೆಸರಿನ ಸನ್ನೆ ಬಂದಾಗ ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

ಅಣ್ಣನ ಮಾತನ್ನು ಪಾಸ್ಟರರಿಗಾಗಿ ನಾನು ಬಾಯಿಂದ ಹೇಳುತ್ತಿದ್ದೆ. ಹೇಳುತ್ತ ಅವರ ಕಡೆ ತಿರುಗಿದೆ. ಅವರು ಕೈ ಜೋಡಿಸಿ, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ನಿಂತಿದ್ದರು.

ನಾನು ಹೇಳುವುದನ್ನು ನಿಲ್ಲಿಸಿದೆ. ಅಣ್ಣನ ಕೈಗಳು ನಿಲ್ಲಲಿಲ್ಲ.

"ಪಾಸ್ಟರ್ರ, ಕಣ್ಣ ತೆಗೀರಿ," ಎಂದೆ. ನನ್ನ ದನಿ ಕೇಳುವವರು ಅಲ್ಲಿ ಅವರೊಬ್ಬರೇ.

ಅವರು ಅಲುಗಲಿಲ್ಲ. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಕಣ್ಣ ತೆಗೆದು ನೋಡ್ರಿ."