ಬೇವೂರಿನಲ್ಲಿ ಆಕಾಶ ಇಳಿದದ್ದು

ನನ್ನ ಧ್ವನಿ ಸಣ್ಣದು. ಸಾಲಿಯಲ್ಲಿ ಹಾಜರಿ ಕೂಗುವಾಗ ನಾನು ‘ಎಸ್ ಸರ್’ ಎಂದರೂ ಗೈರುಹಾಜರಿ ಬೀಳುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಖುಷ್ಬು ಎದ್ದು ನಿಂತು, “ಅನುಷಾ ಅದಾಳ್ರಿ ಸರ್, ನಾ ನೋಡೀನಿ” ಎಂದು ಸಾಕ್ಷಿ ಹೇಳಬೇಕಾಗುತ್ತಿತ್ತು. ಇಂಥವಳಿಗೆ ಬಿ.ಎಸ್ಸಿ. ಮುಗಿದ ಮೇಲೆ ಸಿಕ್ಕಿದ್ದು ಮಾತಾಡುವ ಕೆಲಸ.

ಕೊಪ್ಪಳದ ಒಂದು ಸಂಸ್ಥೆ ಹಳ್ಳಿಯ ಸಾಲಿಗಳಿಗೆ ತಾರಾಲಯ ಒಯ್ಯುತ್ತದೆ. ಕಟ್ಟಡವಲ್ಲ, ಕಪ್ಪು ಬಟ್ಟೆಯ ಒಂದು ಗುಮ್ಮಟ. ಬ್ಲೋವರ್ ಫ್ಯಾನು ಬಿಡದೆ ಗಾಳಿ ಊದುತ್ತಿದ್ದರೆ ಉಬ್ಬಿ ನಿಲ್ಲುತ್ತದೆ, ಒಳಗೆ ಮೂವತ್ತು ಮಕ್ಕಳು ಕೂರುತ್ತಾರೆ. ನಡುವೆ ಪ್ರೊಜೆಕ್ಟರ್, ತಲೆಯ ಮೇಲೆ ಆಕಾಶ. ಆ ಕತ್ತಲಲ್ಲಿ ಕೂತು ಚುಕ್ಕಿಗಳನ್ನು ತೋರಿಸುತ್ತ ಅವುಗಳ ಕಥೆ ಹೇಳುವುದು ನನ್ನ ಪಾಲಿನ ಕೆಲಸ. ಕತ್ತಲು ಅಂತಲೇ ಒಪ್ಪಿಕೊಂಡಿದ್ದೆ. ಯಾರೂ ನನ್ನ ಮುಖ ನೋಡದಿದ್ದರೆ ನನಗೆ ಮಾತು ಬರುತ್ತದೆ. ಬಂದರೆ ನಿಲ್ಲುವುದೇ ಇಲ್ಲ.

ತೊಂದರೆ ಕೊಟ್ಟದ್ದು ಜನರೇಟರ್. ಹಗಲು ಹಳ್ಳಿಯ ಕರೆಂಟನ್ನು ನೆಚ್ಚಿಕೊಂಡು ಗುಮ್ಮಟ ನಿಲ್ಲಿಸಲಾಗದು. ಹಾಗಾಗಿ ಹೋದಲ್ಲೆಲ್ಲ ಜನರೇಟರ್ ಹಚ್ಚುತ್ತಿದ್ದೆವು. ಅದು ಗುಡುಗಿದರೆ ನನ್ನ ಮಾತು ಹಿಂದೆ ಕೂತ ಮಕ್ಕಳಿಗೆ ತಲುಪುತ್ತಿರಲಿಲ್ಲ. ಮೈಕು ಹಿಡಿದರೆ ಗುಮ್ಮಟದೊಳಗೆ ಒಂದು ಮಾತು ನಾಲ್ಕಾಗಿ ಸುತ್ತುತ್ತದೆ. ನವಲಿಯ ಸಾಲಿಯಲ್ಲಿ, ಸಂಸ್ಥೆಯ ಪರವಾಗಿ ಕೆಲಸ ನೋಡಲು ಕೊಪ್ಪಳದಿಂದ ಬಂದಿದ್ದ ರೂಪಾ ಮೇಡಂ ಎದುರಿಗೇ ಹಿಂದಿನಿಂದ ಒಬ್ಬ ಕೇಳಿಬಿಟ್ಟ: “ಅಕ್ಕಾರ, ನೀವು ಮಾತಾಡಾಕತ್ತೀರೋ, ಜನರೇಟರ್ ಮಾತಾಡಾಕತ್ತೈತೋ?”

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ಆಮೇಲೆ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದು ಒಂದು ಪೆನ್ ಡ್ರೈವ್ ತೋರಿಸಿದರು.

“ಇದರಾಗ ರೆಕಾರ್ಡ್ ಮಾಡಿದ ಧ್ವನಿ ಐತಿ. ಮುಂದಿನ ವಾರ ಬೇವೂರಿಗೆ ನಾನ ಬರ್ತೀನಿ. ಹಿಂದ ಕುಂತವರಿಗೆ ನಿನ್ನ ಮಾತು ಕೇಳಿದ್ರ ನೀನ ಹೇಳು. ಇಲ್ಲಂದ್ರ ಇದನ್ನ ಹಚ್ಚೋಣು. ಕೆಲಸ ಎಲ್ಲೂ ಹೋಗಂಗಿಲ್ಲ, ಬಟನ್ ಒತ್ತಿದ್ರ ಮುಗೀತು.”

ಮಾತಾಡುವುದು ತಪ್ಪಿತಲ್ಲ ಎಂದು ನಾನು ಹಿಗ್ಗಬೇಕಿತ್ತು. ಮನೆಗೆ ಬಂದು, ಮೇಡಂ ಫೋನಿಗೆ ಕಳಿಸಿದ ಆ ರೆಕಾರ್ಡು ಕೇಳಿದೆ. ತೂಕದ, ಗಂಭೀರವಾದ ಗಂಡಸಿನ ಧ್ವನಿ. ‘ಅನಂತ ಬಾನಂಗಳದಲ್ಲಿ ರಾರಾಜಿಸುವ ಮಹಾವ್ಯಾಧ ನಕ್ಷತ್ರಪುಂಜ’ ಎನ್ನುತ್ತದೆ. ನಾನು ಅದನ್ನೇ ‘ಬಿತ್ತೋ ಕೂರಿಗಿ ತಾಳು ನಿಂತಂಗ ಒಂದ ಸಾಲಿನಾಗ ಮೂರು ಚುಕ್ಕಿ ಕಂಡ್ವೇನು’ ಎಂದು ಹೇಳುತ್ತೇನೆ. ಹಾಗೆ ಕೇಳಿದ ಕೂಡಲೇ ಕತ್ತಲಲ್ಲಿ ಮಕ್ಕಳು “ಕಂಡ್ವು, ಕಂಡ್ವು” ಅನ್ನುತ್ತವೆ. ಆ ‘ಕಂಡ್ವು’ ಬೇರೆಯವರ ಪಾಲಾಗುವುದು ನನಗೆ ಬೇಡವಾಗಿತ್ತು. ಬೇಡ ಎನ್ನುವುದು ಆವತ್ತಿನವರೆಗೆ ನನಗೇ ಗೊತ್ತಿರಲಿಲ್ಲ.

ನಮ್ಮನ್ನು ಕರೆದೊಯ್ಯುವ ಕ್ರೂಸರ್ ಗಾಡಿ ಕುಷ್ಟಗಿಯ ಗಾದಿಲಿಂಗಪ್ಪಣ್ಣನದು. ಮಾಲಕ, ಡ್ರೈವರ್ ಎರಡೂ ಅವನೇ. ನನಗೊಂದು ಉಪಾಯ ಹೊಳೆಯಿತು: ಗಾಡಿಗೆ ಇನ್ನೊಂದು ದೊಡ್ಡ ಬ್ಯಾಟರಿ ಕೂರಿಸಿ, ಇನ್ವರ್ಟರ್ ಹಾಕಿ, ದಾರಿಯಲ್ಲಿ ಓಡುವಾಗಲೇ ಅದನ್ನು ತುಂಬಿಸಿಕೊಂಡರೆ ಸಾಲಿಯಲ್ಲಿ ಎಂಜಿನ್ ಆರಿಸಿ ತಾರಾಲಯದ ಆಟ ನಡೆಸಬಹುದು, ಗದ್ದಲವೇ ಇರುವುದಿಲ್ಲ. ಇದನ್ನೆಲ್ಲ ಅವನಿಗೆ ಬಾಯಿಂದ ಹೇಳಲಾಗದೆ ಒಂದು ಚಿತ್ರ ಬರೆದುಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ರಂಗೋಲಿ ಏನ ತಂಗಿ?” ಅಂದ. ಆದರೂ ಗಂಗಾವತಿಗೆ ಗಾಡಿ ಹೊಡೆದ.

ಗಂಗಾವತಿಯಲ್ಲಿ ಆಟೊ ಎಲೆಕ್ಟ್ರಿಷಿಯನ್ ಮದಾರಸಾಬರು ಬಾನೆಟ್ ಎತ್ತಿ ಒಳಗೆ ಇಣುಕಿದರು. ಎಂಜಿನ್ನಿನ ಬೆಲ್ಟಿಗೆ ಸಿಕ್ಕಿ ತಿರುಗುತ್ತ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಅಲ್ಲಿ ಧೂಳು ಹೊದ್ದು ಕೂತಿತ್ತು. ಗಾದಿಲಿಂಗಪ್ಪಣ್ಣ ಅದಕ್ಕೆ ಡೈನಮೋ ಎನ್ನುತ್ತಾನೆ.

“ಇದು ನಿಮ್ಮ ಹಾಡಿಗೆ, ಲೈಟಿಗೆ ಸಾಕ್ರಿ,” ಅಂದರು ಮದಾರಸಾಬರು. “ಬ್ಯಾಟ್ರಿ ಎರಡಲ್ಲ, ಹತ್ತು ಇಡ್ರಿ. ತುಂಬೋ ತಂಬಿಗಿ ಸಣ್ಣದಿದ್ರ ಹಂಡೆ ಯಾವಾಗ ತುಂಬಬೇಕು? ಇದು ನಲವತ್ತೈದು ಆಂಪಿಂದು. ತೊಂಬತ್ತರದು ಹಾಕೋಣು.”

“ಹಾಕ್ರಿ. ಡೀಸೆಲ್ ಭಾಳ ಕುಡೀತೈತೇನು?”

“ನೀವು ಚಾ ಕುಡಿಯೋದಕ್ಕಿಂತ ಕಡಿಮಿ.”

ಇಡೀ ದಿನ ಹಿಡಿಯಿತು. ಹೊಸದು ದಪ್ಪ, ಹಳೆಯ ಹಿಡಿಕೆಗೆ ಕೂರದೆ, ಹಿಡಿಕೆಯನ್ನು ಲೇತ್ ಯಂತ್ರದಲ್ಲಿ ಕೆತ್ತಿ ಕೂರಿಸಬೇಕಾಯಿತು. ಹಿಂದೆ ದೊಡ್ಡ ಬ್ಯಾಟರಿ, ಇನ್ವರ್ಟರ್ ಇಟ್ಟು, ಬೆರಳ ಗಾತ್ರದ ವೈರು ಎಳೆದು, ಹೊಸ ಬೆಲ್ಟ್ ಬಿಗಿದು, ನಾನು ಕೂರುವ ಸೀಟಿನ ಮುಂದೆ ಒಂದು ಪುಟ್ಟ ಮೀಟರ್ ಅಂಟಿಸಿದರು. ಗಾಡಿ ಚಾಲೂ ಮಾಡಿದರೆ ಹದಿನಾಲ್ಕರ ಹತ್ತಿರ ಕೆಂಪು ಅಂಕಿ ಹೊಳೆಯಿತು.

“ಈ ಅಂಕಿ ಹಿಂಗ ಇತ್ತಂದ್ರ ಬ್ಯಾಟ್ರಿ ತುಂಬಾಕತ್ತೈತಿ ಅಂತ ತಿಳ್ಕೊ ಬೇಟಾ. ಹನ್ನೆರಡಕ್ಕ ಇಳೀತು ಅಂದ್ರ ಏನೋ ಬಿಗಡಾಯ್ಸೇತಿ ಅಂತ.”

ಅಲ್ಲಿಗೆ ಎಲ್ಲ ಸರಿಯಾಗಿತ್ತು. ನಡುವೆ ಅಮಾವಾಸ್ಯೆ ಬಂತು.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಲಿಂಬಿಹಣ್ಣು ಕಟ್ಟಿ, ಕಾಯಿ ಒಡೆಯದೆ ಯಾವ ಗಾಡಿಯೂ ರಸ್ತೆ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಗಾಲಿಗೆ, ಬಂಪರಿಗೆ ಪೂಜೆಯಾದರೆ ಮುಗಿಯಿತು. ಈ ಸಲ ಗಾದಿಲಿಂಗಪ್ಪಣ್ಣನಿಗೆ ಹೊಸದಾಗಿ ಬಂದದ್ದನ್ನು ಬಿಟ್ಟು ಹಳೆಯದಕ್ಕೆ ಪೂಜೆ ಮಾಡುವುದು ಸರಿಕಾಣಲಿಲ್ಲವಂತೆ. ಬಾನೆಟ್ ಎತ್ತಿ ಆಲ್ಟರ್ನೇಟರಿಗೇ ಪೂಜೆ ಮಾಡಿದ. ಮರುದಿನ ಬೆಳಿಗ್ಗೆ ಬೇವೂರಿಗೆ ಹೊರಡುವ ಮುಂಚೆ ಹೆಮ್ಮೆಯಿಂದ ನನಗೆ ತೋರಿಸಿದ. ಮೂರೆಳೆ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಮದುವಣಗಿತ್ತಿಯ ಹಾಗೆ ಮಿನುಗುತ್ತಿತ್ತು.

“ಛಂದ ಕಾಣತೈತಿಲ್ಲ?”

“ಛಂದ ಕಾಣತೈತ್ರಿ ಅಣ್ಣಾ,” ಅಂದೆ. ನಿಜವಾಗಿಯೂ ಛಂದ ಕಾಣುತ್ತಿತ್ತು.

ಕುಷ್ಟಗಿ ದಾಟಿದೊಡನೆ ಬಾನೆಟ್ಟಿನೊಳಗಿಂದ ಕಿಂಯ್ ಎಂದು ಸದ್ದು ಹೊರಟಿತು. ಹಂದಿಮರಿ ಹಿಡಿದಂತೆ. ಗಾದಿಲಿಂಗಪ್ಪಣ್ಣ ತಲೆ ಕೆಡಿಸಿಕೊಳ್ಳಲಿಲ್ಲ.

“ಹೊಸ ಚಪ್ಪಲಿ ಕಿರಗುಟ್ಟತಾವಲ್ಲ, ಹಂಗ. ನಾಲ್ಕ ದಿನಕ್ಕ ಸರಿ ಆಕ್ಕೈತಿ.”

ನನ್ನ ಮುಂದಿನ ಮೀಟರ್ ಹನ್ನೆರಡರ ಸುತ್ತ ತೂಗಾಡುತ್ತಿತ್ತು.

“ಅಣ್ಣಾ, ಅಂಕಿ ಕಡಿಮಿ ಐತ್ರಿ.”

“ಈಗ ಎದ್ದೈತಿ, ಏರತೈತಿ ಬಿಡು.”

ಏರಲಿಲ್ಲ. ಇನ್ನೊಮ್ಮೆ ಹೇಳಿದೆ. ಆ ಕಿಂಯ್ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ದಾರಿಯ ಎರಡೂ ಬದಿ ಜೋಳದ ಹೊಲಗಳು ತೆನೆ ಬಾಗಿಸಿ ನಿಂತಿದ್ದವು.

ಬೇವೂರಿನ ಸಾಲಿಯ ಬಯಲಿನಲ್ಲಿ ರೂಪಾ ಮೇಡಂ ನಮಗಿಂತ ಮೊದಲೇ ಬಂದು ಹೆಡ್‌ಮಾಸ್ತರರ ಜೊತೆ ನಿಂತಿದ್ದರು. ಲೈನ್ ಕೆಲಸ ಅಂತ ಊರಿಗೆ ಕರೆಂಟು ಇರಲಿಲ್ಲ. ಜನರೇಟರನ್ನು ಕೊಪ್ಪಳದ ಆಫೀಸಿನಲ್ಲೇ ಬಿಟ್ಟುಬಂದಿದ್ದೆವು. ಎಂಜಿನ್ ಆರಿಸಿ ಇನ್ವರ್ಟರ್ ಹಚ್ಚಿದೆ. ಗುಮ್ಮಟ ಮೆಲ್ಲಗೆ ಮೈ ತುಂಬಿಕೊಂಡು ಎದ್ದಿತು. ಐದನೇ ಇಯತ್ತೆಯ ಮಕ್ಕಳು ಬಗ್ಗಿಕೊಂಡು ಒಳನುಗ್ಗಿದರು. ಮೇಡಂ ಎಲ್ಲರಿಗಿಂತ ಹಿಂದೆ ಹೋಗಿ ನೆಲದ ಮೇಲೆ ಕೂತರು.

ಬ್ಲೋವರಿನ ಸಣ್ಣ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಮಾತಾಡಿದೆ. “ಹಿಂದ ಕುಂತವರಿಗೆ ಕೇಳಾಕತ್ತೈತೇನು?” ಎಂದರೆ “ಕೇಳಾಕತ್ತೈತ್ರಿ” ಎಂದು ಹಿಂದಿನಿಂದ ಬಂತು. ಹಾಗೆ ಬಂದದ್ದು ಅದೇ ಮೊದಲು. ಹಿಗ್ಗಿನಲ್ಲಿ ಕೂರಿಗಿ ಚುಕ್ಕಿ ಮುಗಿಸಿ ಸಪ್ತರ್ಷಿಗೆ ಬಂದೆ. ಅಷ್ಟರಲ್ಲಿ ಇನ್ವರ್ಟರ್ ಪೀಂ ಪೀಂ ಎಂದಿತು. ಚುಕ್ಕಿಗಳೆಲ್ಲ ಒಮ್ಮೆಲೆ ಆರಿದವು. ಬ್ಲೋವರ್ ನಿಟ್ಟುಸಿರು ಬಿಟ್ಟು ನಿಂತಿತು. ಗುಮ್ಮಟ ಮೆತ್ತಗೆ, ಅವಸರವಿಲ್ಲದೆ, ಎಲ್ಲರ ತಲೆಯ ಮೇಲೆ ಇಳಿಯತೊಡಗಿತು.

“ಯವ್ವಾ, ಆಕಾಶ ಬಿತ್ತು,” ಎಂದು ಒಂದು ಹುಡುಗಿ ಕಿರುಚಿದಳು. ಯಾರೋ ಅಳುವ ತಯಾರಿ ನಡೆಸಿದ್ದು ಕೇಳಿತು.

ಬಟ್ಟೆ ಹಗುರ, ಯಾರಿಗೂ ಏನೂ ಆಗುವಂತಿರಲಿಲ್ಲ. ಬಾಗಿಲ ಬಳಿಯಿದ್ದವರಿಗೆ ಜಿಪ್ ತೆಗೆಯಲು ಹೇಳಿದೆ. ಗಾಳಿ ಬಂತು, ಇಳಿದ ಬಟ್ಟೆ ಮರೆಯಾಗಿ ಕತ್ತಲು ಹಾಗೇ ಇತ್ತು. ಅಷ್ಟು ಜನ ಗಾಬರಿಯಾಗಿ ಒಂದು ಮಾತಿಗೆ ಕಾಯುತ್ತಿದ್ದಾರೆ. ಅಲ್ಲಿ ಇದ್ದ ಮಾತು ನನ್ನದೊಂದೇ.

“ಯಾರೂ ಓಡಬ್ಯಾಡ್ರಿ,” ಅಂದೆ. “ಆಕಾಶ ದಣದೈತಿ, ಅದಕ ಕೆಳಗ ಇಳದೈತಿ. ಎಲ್ಲಾರೂ ಎರಡೂ ಕೈ ಮ್ಯಾಲ ಎತ್ತಿ ಹಿಡೀರಿ ನೋಡೋಣು.”

ಅರವತ್ತು ಪುಟ್ಟ ಕೈಗಳು ಬಟ್ಟೆಯನ್ನು ಎತ್ತಿದವು. ಆಕಾಶ ಅಲ್ಲಲ್ಲಿ ಗುಡ್ಡವಾಗಿ ನಿಂತಿತು.

“ಈಗ ನಿಮ್ಮ ಕೈನ ಚುಕ್ಕಿ. ನಡುವ ಕುಂತಾಕಿ, ಏನ್ ಹೆಸರವ್ವಾ ನಿಂದು?”

“ಪಾರಮ್ಮ.”

“ಪಾರಮ್ಮ, ನಿನ್ನ ಕೈ ಧ್ರುವ ನಕ್ಷತ್ರ. ನೀ ಅಳ್ಳಾಡಬಾರದು. ಉಳಿದವರು ಕೈ ಎತ್ತಿಕೊಂಡ ಮೆಲ್ಲಕ ಆಕಿ ಸುತ್ತ ತಿರಗ್ರಿ.”

“ಅಕ್ಕಾರ, ಇಂವ ನನ್ನ ಕಾಲ ತುಳದಾ.”

“ಚುಕ್ಕಿ ತುಳದ್ರ ಏನಾಗಂಗಿಲ್ಲ, ನಡಿ.”

ಮೂವತ್ತು ಮಕ್ಕಳು ನಗುತ್ತ, ಡಿಕ್ಕಿ ಹೊಡೆಯುತ್ತ, ಆಕಾಶವನ್ನು ತಲೆಯ ಮೇಲೆ ಹೊತ್ತು ತಿರುಗಿದರು. ಹಿಂದೆ ಯಾರೋ ದೊಡ್ಡವರು ಕಷ್ಟಪಟ್ಟು ಎದ್ದ ಸದ್ದಾಯಿತು. “ನಾ ಯಾವ ಚುಕ್ಕಿ ಆಗ್ಲಿ?” ಎಂದರು ರೂಪಾ ಮೇಡಂ.

“ನೀವು ಭಾಳ ದೂರದ್ದು ಅದೀರಿ ಮೇಡಂ, ನಿಮ್ಮ ಬೆಳಕ ಇನ್ನೂ ನಮಗ ಮುಟ್ಟಿಲ್ಲ,” ಅಂದುಬಿಟ್ಟೆ. ಬೆಳಕಿನಲ್ಲಿದ್ದರೆ ಇಂಥ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಹೊರಗೆ ಗಾದಿಲಿಂಗಪ್ಪಣ್ಣ ಬಾನೆಟ್ ಎತ್ತಿಕೊಂಡು ಮದಾರಸಾಬರಿಗೆ ಫೋನು ಹಚ್ಚಿದ್ದ. ಮಕ್ಕಳನ್ನು ಹೊರಬಿಟ್ಟು ನಾನು ಹತ್ತಿರ ಹೋದಾಗ ಸ್ಪೀಕರಿನಲ್ಲಿ ವಿಚಾರಣೆ ನಡೆದಿತ್ತು.

“ಏನು ಹಚ್ಚೀರಿ ಅದಕ್ಕ?”

“ಏನಿಲ್ಲಪಾ. ಜರಾ ವಿಭೂತಿ.”

“ವಿಭೂತಿಗೆ ಬೆಲ್ಟ್ ಜಾರಂಗಿಲ್ಲ. ಮತ್ತೇನು?”

“ಕುಂಕಮ.”

“ಕುಂಕಮ ಕಬ್ಬಣಕ್ಕ ಹೆಂಗ ಹತ್ತೀತು?”

ಗಾದಿಲಿಂಗಪ್ಪಣ್ಣ ನನ್ನ ಕಡೆ ನೋಡಿ ದನಿ ತಗ್ಗಿಸಿದ. “ಮೊದಲ ಕೊಬ್ಬರಿ ಎಣ್ಣಿ ಸವರೀನಿ. ಕಾಯಿನೀರೂ ಜರಾ ಹಾಕೀನಿ.”

ಆ ಕಡೆಯಿಂದ ಮದಾರಸಾಬರು ನಿಧಾನವಾಗಿ ಹೇಳಿದರು: “ಅಣ್ಣಾರ, ಎಣ್ಣಿ ಹಚ್ಚಿ ಎರದು ಮಲಗಿಸಾಕ ಅದು ಕೂಸಲ್ಲರಿ. ಎಣ್ಣಿ ಬೆಲ್ಟಿಗೆ ಮೆತ್ತೈತಿ. ಬೆಲ್ಟ್ ಜಾರಾಕತ್ತೈತಿ, ಡೈನಮೋ ತಿರಗವಲ್ದು. ಎಂಜಿನ್ ಬಂದ್ ಇಟ್ಟ ಬೆಲ್ಟ್ ಬಿಚ್ಚಿ ಸೋಪಿನ ನೀರಿಲೆ ತೊಳದು, ಒಣಾ ಅರಿಬಿಲೆ ಒರಸ್ರಿ. ದೊಡ್ಡ ಬ್ಯಾಟ್ರಿ ಬರಿದಾಗೈತಿ, ಇವತ್ತ ಗಾಡಿ ಚಾಲೂ ಇಟ್ಟ ಆಟ ನಡಸ್ರಿ.”

ಬಿಸಿಯೂಟದ ಅಡುಗೆಯವರಿಂದ ಪಾತ್ರೆ ತೊಳೆಯುವ ಸೋಪು ಬಂತು. ಗಾದಿಲಿಂಗಪ್ಪಣ್ಣ ಬೆಲ್ಟನ್ನೂ ಅದು ಕೂರುವ ಗಾಲಿಗಳನ್ನೂ ತಿಕ್ಕಿ ತಿಕ್ಕಿ ತೊಳೆದ. ಮತ್ತೆ ಬಿಗಿದು ಎಂಜಿನ್ ಚಾಲೂ ಮಾಡಿದಾಗ ಕಿಂಯ್ ಇರಲಿಲ್ಲ. ಮೀಟರ್ ಹದಿನಾಲ್ಕಕ್ಕೆ ಏರಿತು. ಗುಮ್ಮಟ ಎದ್ದು ನಿಂತಿತು.

ಆದರೆ ಈಗ ಎಂಜಿನ್ನಿನ ಸದ್ದಿತ್ತು. ಜನರೇಟರಿನಷ್ಟಲ್ಲ, ನನ್ನ ಧ್ವನಿಗಿಂತ ಮಾತ್ರ ಜೋರು. ರೂಪಾ ಮೇಡಂ ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ ಬಂದು ಗುಮ್ಮಟದ ಬಾಗಿಲಲ್ಲಿ ನಿಂತರು. ಕೈಚೀಲದ ಜಿಪ್ ತೆರೆದಿತ್ತು, ಒಳಗೆ ಪೆನ್ ಡ್ರೈವ್ ಕಾಣುತ್ತಿತ್ತು.

ಅಷ್ಟರಲ್ಲಿ ಆರನೇ ಇಯತ್ತೆಯ ಮಕ್ಕಳು ನಮ್ಮನ್ನು ಸುತ್ತುಗಟ್ಟಿದರು. ಐದನೆಯವರು ಬಯಲ ತುಂಬ ಸುದ್ದಿ ಹಬ್ಬಿಸಿ ಮುಗಿಸಿದ್ದರು.

“ನಮಗೂ ಆಕಾಶ ಬೀಳಸ್ರಿ ಅಕ್ಕಾರ.”

“ನಮ್ಮ ತಂಗಿ ಧ್ರುವ ನಕ್ಷತ್ರ ಆಗ್ಯಾಳಂತ, ನಾ ಯಾಕ ಆಗಬಾರದು?”

“ಬೀಳಸಲಿಲ್ಲಂದ್ರ ನಾವು ಒಳಗ ಬರಂಗಿಲ್ಲ.”

ಮೇಡಂ ನನ್ನ ಮುಖ ನೋಡಿದರು, ಕೈಚೀಲ ನೋಡಿದರು. “ಈ ರೆಕಾರ್ಡಿನಾಗ ಆಕಾಶ ಬೀಳಸೋ ಪಾಠ ಇಲ್ಲಲ್ಲಾ,” ಅಂದರು. “ಈಗೇನ್ ಮಾಡ್ತಿ?”

“ನಾನ ಹೇಳ್ತೀನ್ರಿ,” ಅಂದೆ.

“ಎಂಜಿನ್ ಸಪ್ಪಳ ಐತಿ.”

“ಇರ್ಲಿರಿ.”

ಮೇಡಂ ಜಿಪ್ ಹಾಕಿ, ಚಪ್ಪಲಿ ಬಿಟ್ಟು, ಮತ್ತೆ ಹಿಂದಕ್ಕೇ ಹೋಗಿ ಕೂತರು.

ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿದೆ. ಆಕಾಶ ಬೀಳಿಸಬೇಕಾದರೆ ಹೊರಗೆ ಒಬ್ಬರು ಸರಿಯಾದ ಹೊತ್ತಿಗೆ ಬ್ಲೋವರ್ ಆರಿಸಬೇಕು. ಗಾದಿಲಿಂಗಪ್ಪಣ್ಣ ಸೋಪಿನ ಕೈಯಲ್ಲೇ ಸ್ವಿಚ್ಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. “ನೀ ಒಳಗಿಂದ ಒದರು, ನಾ ಬಂದ್ ಮಾಡ್ತೀನಿ,” ಅಂದ. ಹೇಳಿದ ಮೇಲೆ ಅವನಿಗೂ ಅನುಮಾನ ಬಂತು ಕಾಣುತ್ತದೆ. “ಒದರ್ತೀಯಲ್ಲ?”

ಮೂರು ಚುಕ್ಕಿ ತೋರಿಸಿದೆ, ಸಪ್ತರ್ಷಿ ತೋರಿಸಿದೆ. ಎಂಜಿನ್ ಗುರ್ ಎನ್ನುತ್ತಲೇ ಇತ್ತು. ಹಿಂದಿನಿಂದ “ಕೇಳವಲ್ದು” ಎಂದು ಒಬ್ಬ ಅಂದ, ಇನ್ನಷ್ಟು ಎತ್ತರಿಸಿದೆ. ಗಂಟಲು ಉರಿಯತೊಡಗಿತು. “ಕಂಡ್ವು” ಎಂಬ ಕೂಗು ಮೊದಲು ಮುಂದಿನಿಂದ ಬಂತು, ಮತ್ತೆ ನಡುವಿನಿಂದ, ಕಡೆಗೆ ಹಿಂದಿನಿಂದ. ಅದರಲ್ಲಿ ಒಂದು ದನಿ ದೊಡ್ಡವರದು.

“ತಯಾರದೀರೇನು?”

ಅರವತ್ತು ಕೈ ಮೇಲೆದ್ದವು. ನಾನು ಹೊಟ್ಟೆಯ ತಳದಿಂದ ಉಸಿರೆಳೆದುಕೊಂಡೆ.

“ಗಾದಿಲಿಂಗಪ್ಪಣ್ಣಾ, ಆಕಾಶ ಬಿಡ್ರಿ!”

ಬಯಲಿನ ಆಚೆ ತುದಿಯಲ್ಲಿ, ಬಿಸಿಯೂಟದ ಕೋಣೆಯಿಂದ ಅಡುಗೆಯ ಮುದಕಮ್ಮ ಸೌಟು ಹಿಡಿದು ಹೊರಗೆ ಬಂದು, “ಯಾರದು ಆ ಪರಿ ಒದರಿದ್ದು?” ಎಂದು ಕೇಳಿದಳಂತೆ. ಬ್ಲೋವರ್ ನಿಂತಿತು. ನಮ್ಮ ತಲೆಯ ಮೇಲೆ ಆಕಾಶ ಮೆಲ್ಲಗೆ ಇಳಿಯತೊಡಗಿತು.